ವ್ಯಾಲಿಯಿಂದ ಪತ್ರ – 23: ಅವ್ವನ ಸಮ್ಮಟಿಗೆ



ಹೋದ ಸಲ ಹಾಕಿದ್ದ ಫೋಟೋ ನೋಡಿ ಚಿಕ್ಕವ್ವ ಕೆಳಗೆ ಬರೆದಿದ್ದಳು: "ಬಲಗೈ ಮ್ಯಾಲೆ ಅದೇನವಾ ಕಲಿ? ದವಾಖಾನ್ಯಾಗ ಸುಟ್ಕೊಂಡಿಯೇನು?" ನಗುವ ಮುಖ ಒಂದನ್ನು ಹಾಕಿ ಜಾರಿಕೊಂಡಿದ್ದೆ. ಆಮೇಲೆ ಇನ್‌ಬಾಕ್ಸ್‌ನಲ್ಲಿ ಮತ್ತೆ ಮೂರು ಜನ ಕೇಳಿದರು. ಮುಚ್ಚಿಡುವಂಥದ್ದೇನಿಲ್ಲ, ಹೇಳಿಯೇಬಿಡುತ್ತೇನೆ. ಅದು ಆಸ್ಪತ್ರೆಯಲ್ಲಿ ಆದದ್ದಲ್ಲ. ಕಾದ ಕಬ್ಬಿಣಕ್ಕೆ ಏಟು ಹಾಕುವಾಗ ಹಾರಿದ ಚೂರು ತಾಗಿ ಆದದ್ದು. ನಾನು ಕುಲುಮೆ ಕೆಲಸ ಕಲಿಯುತ್ತಿದ್ದೇನೆ. ಹೌದು, ಅಪ್ಪ ಮಾಡುತ್ತಿದ್ದ ಅದೇ ಕೆಲಸ. ಅದೂ ದುಡ್ಡು ಕೊಟ್ಟು.

(ನಮ್ಮ ಓಣಿಯವರು ನಗುವುದು ಇಲ್ಲಿಯವರೆಗೆ ಕೇಳಿಸುತ್ತಿದೆ.)

ಹೊಸದಾಗಿ ಓದುವವರಿಗೆ: ನಾನಿರುವುದು ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ. 1849ರಲ್ಲಿ ವಲಸೆ ಬಂದವರನ್ನು ಹೊತ್ತು ತಂದ ಹಡಗಿನ ಹೆಸರು ಫೋರ್ಟಿಟ್ಯೂಡ್. ಅವರು ಬಂದು ನೆಲೆಸಿದ ಜಾಗಕ್ಕೆ ಅದೇ ಹೆಸರು ಉಳಿಯಿತು. ಕಷ್ಟದಲ್ಲೂ ಗಟ್ಟಿಯಾಗಿ ನಿಲ್ಲುವುದು ಅಂತ ಅದರ ಅರ್ಥ. ಈಗ ಶನಿವಾರ ರಾತ್ರಿ ಬ್ರನ್ಸ್‌ವಿಕ್ ಸ್ಟ್ರೀಟಿನಲ್ಲಿ ಗಟ್ಟಿಯಾಗಿ ನಿಲ್ಲುವವರು ಕಡಿಮೆ. ನಾನು ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಅವರು ಕುಣಿತ ಮುಗಿಸಿ ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ಹೊರಟಿರುತ್ತಾರೆ. ಇಂಥ ಕಡೆ ಐದನೇ ಮಹಡಿಯ ಫ್ಲ್ಯಾಟಿನಲ್ಲಿ ಕುಲುಮೆ ಹೂಡಲು ಆಗುತ್ತದೆಯೇ? ಜೀರಿಗೆ ಒಗ್ಗರಣೆಯ ಹೊಗೆಗೇ ಚಾವಣಿಯ ಅಲಾರಾಂ ಕೂಗಿಕೊಳ್ಳುತ್ತದೆ.

ಶುರುವಾದದ್ದು ಹೋದ ವರ್ಷದ ಸೆಪ್ಟೆಂಬರ್‌ನಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಸುಮಾರು 125 ಕಿ.ಮೀ. ಹೋದರೆ, ಘಟ್ಟ ಹತ್ತಿದ ಮೇಲೆ ಟೂವೂಂಬಾ ಅಂತ ಊರು. ಅಲ್ಲಿ ಪ್ರತಿ ವರ್ಷ ಹೂವಿನ ಜಾತ್ರೆ. ನಮ್ಮ ವಾರ್ಡಿನ ನಾಲ್ಕು ಜನ ಕೂಡಿ ಹೋಗಿದ್ದೆವು. ಅವರು ಹೂವಿನ ಮುಂದೆ ಸೆಲ್ಫಿ ತೆಗೆಯುವಷ್ಟರಲ್ಲಿ ನಾನು ಕಾಬ್ ಆ್ಯಂಡ್ ಕೋ ಮ್ಯೂಸಿಯಂ ಹೊಕ್ಕೆ. ರೈಲು, ಮೋಟಾರು ಎಲ್ಲ ಕಡೆ ಮುಟ್ಟುವ ಮೊದಲು ಈ ದೇಶದಲ್ಲಿ ಜನರನ್ನೂ ಟಪಾಲನ್ನೂ ಸಾಗಿಸಿದ್ದು ಕಾಬ್ ಆ್ಯಂಡ್ ಕೋ ಕಂಪನಿಯ ಕುದುರೆ ಗಾಡಿಗಳು. ಅವುಗಳ ಕೊನೆಯ ಓಟ ನಡೆದದ್ದು ಇದೇ ಕ್ವೀನ್ಸ್‌ಲ್ಯಾಂಡಿನಲ್ಲಿ, 1924ರಲ್ಲಿ. ಗಾಡಿಗಳು ಚೆನ್ನಾಗಿದ್ದವು. ಆದರೆ ನಾನು ನಿಂತುಬಿಟ್ಟದ್ದು ಒಂದು ಗಾಲಿಯ ಮುಂದೆ. ಕಟ್ಟಿಗೆಯ ಗಾಲಿ, ಸುತ್ತ ಕಬ್ಬಿಣದ ಹಳಿ.

ನಮ್ಮ ಚಕ್ಕಡಿ ಗಾಲಿಗೆ ಹಳಿ ಹಾಕುವ ದಿನ ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ! ಬಾವಿಯ ಹತ್ತಿರದ ಬಯಲಿನಲ್ಲಿ ಹಳಿಯನ್ನು ನೆಲಕ್ಕೆ ಮಲಗಿಸಿ, ಅದರ ಮೇಲೂ ಕೆಳಗೂ ಕುಳ್ಳು ಪೇರಿಸಿ ಬೆಂಕಿ ಹಚ್ಚುತ್ತಿದ್ದರು. ಹಳಿಯನ್ನು ಗಾಲಿಗಿಂತ ಒಂದಿಷ್ಟು ಸಣ್ಣದಾಗಿಯೇ ಮಾಡಿರುತ್ತಾರೆ. ಕಾದಾಗ ಅದು ಹಿಗ್ಗುತ್ತದೆ. ನಾಲ್ಕು ಮಂದಿ ಉದ್ದನೆಯ ಇಕ್ಕಳದಿಂದ ಎತ್ತಿ ತಂದು ಗಾಲಿಗೆ ಕೂರಿಸಿ, ಕಟ್ಟಿಗೆ ಹತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯಬೇಕು. ಚೊಂಯ್ ಅಂತ ಹಬೆ ಎದ್ದು, ಹಳಿ ಕುಗ್ಗಿ, ಗಾಲಿಯ ಕೀಲುಗಳೆಲ್ಲ ಕಿರ್ರ್ ಅಂತ ಬಿಗಿಯುವ ಸದ್ದು! ಒಂದು ಮೊಳೆ ಇಲ್ಲ. ಅಪ್ಪ ಆ ಸದ್ದು ಕೇಳಿದ ಮೇಲೆಯೇ ಬೀಡಿ ಹಚ್ಚುತ್ತಿದ್ದ. ಆ ಮ್ಯೂಸಿಯಂನಲ್ಲಿ ಹಗ್ಗದಾಚೆ ನಿಂತು ನಾನು ಆ ಗಾಲಿಯ ಬೆಸುಗೆ ಎಲ್ಲಿದೆ ಅಂತ ಹುಡುಕುತ್ತಿದ್ದೆ. ಅಲ್ಲೇ ತರಬೇತಿಯ ಪಟ್ಟಿ ಕಾಣಿಸಿತು. ಚರ್ಮದ ಕೆಲಸ, ಬೆಳ್ಳಿ ಕೆಲಸ, ಕಮ್ಮಾರಿಕೆ. ಹಳೇ ಕಸುಬುಗಳು ಮರೆತುಹೋಗಬಾರದು ಅಂತ ಮ್ಯೂಸಿಯಂನವರೇ ವಾರಾಂತ್ಯಗಳಲ್ಲಿ ಕಲಿಸುತ್ತಾರೆ.

ಹೆಸರು ಬರೆಸಿದೆ. ಮೊದಲ ದಿನ ಎಲ್ಲರೂ ತಾವು ಯಾರು, ಯಾಕೆ ಬಂದದ್ದು ಅಂತ ಹೇಳಬೇಕಿತ್ತು. ಒಬ್ಬ ಲೆಕ್ಕಪತ್ರದವನು, ಒಬ್ಬ ನಿವೃತ್ತ ರೈತ, ಒಂದು ಅಪ್ಪ-ಮಗನ ಜೋಡಿ. ನನ್ನ ಸರದಿ ಬಂದಾಗ, "ನಾನು ನರ್ಸ್. ನನ್ನ ಅಡ್ಡಹೆಸರು ಕಮ್ಮಾರ, ಅಂದರೆ ಬ್ಲ್ಯಾಕ್‌ಸ್ಮಿತ್" ಅಂದೆ. ಎಲ್ಲರೂ ಓ ಅಂತ ಕಣ್ಣರಳಿಸಿದರು. ಒಬ್ಬಳು ಚಪ್ಪಾಳೆ ತಟ್ಟಿದಳು. ಸಾಲಿಯಲ್ಲಿ ನನ್ನನ್ನು "ಇದ್ದಿಲಾ" ಅಂತ ಕರೆಯುತ್ತಿದ್ದವರು ಇದನ್ನು ಓದುತ್ತಿದ್ದರೆ (ಓದುತ್ತಿದ್ದೀರಿ, ಲೈಕ್ ಒತ್ತುತ್ತೀರಿ, ಗೊತ್ತು) ಸಿಟ್ಟಿಲ್ಲ, ಆದರೆ ಮರೆತೂ ಇಲ್ಲ. ಹೆಸರಿನ ಮುಂದೆ ಆ ಶಬ್ದ ಬರೆಯಲು ನಾನು ಎಷ್ಟು ವರ್ಷ ಹಿಂಜರಿದಿದ್ದೇನೆ! 2011ರಲ್ಲಿ ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂತು ಅಂತ ಸುದ್ದಿ ಬಂದಾಗ ಅಪ್ಪ ಪೇಪರಿನ ತುಣುಕು ಕತ್ತರಿಸಿ ಕುಲುಮೆಯ ಗೋಡೆಗೆ ಅಂಟಿಸಿದ್ದ. ಅವನು ಅವರ ಒಂದು ಸಾಲೂ ಓದಿರಲಿಲ್ಲ. ಅಡ್ಡಹೆಸರನ್ನಷ್ಟೇ ಓದಿದ್ದ.

ಎರಡು ದಿನದಲ್ಲಿ ಒಂದು ಕೊಕ್ಕೆ, ಒಂದು ಬೆಂಕಿ ಕೆದಕುವ ಸಲಾಕೆ ಮಾಡಿದೆ. ನಮ್ಮೂರಲ್ಲಿ ಅಂಥ ಕೊಕ್ಕೆಗೆ ಯಾರೂ ಒಂದು ಸೇರು ಜೋಳ ಕೊಡುತ್ತಿರಲಿಲ್ಲ. ಆದರೂ ಅದು ಈಗ ನನ್ನ ಬಾಗಿಲ ಹಿಂದೆ ಇದೆ, ಆಸ್ಪತ್ರೆಯ ಐಡಿ ಕಾರ್ಡು ಅದಕ್ಕೇ ನೇತಾಡುತ್ತದೆ.

ಇನ್ನು ಕುಲುಮೆ ಹೂಡಿದ ಕಥೆ. ನಮ್ಮ ವಾರ್ಡಿನಲ್ಲಿ ಹಿಂದೆ ಕೆಲಸ ಮಾಡಿದ್ದ ಒಬ್ಬ ಅಜ್ಜ ಇಪ್ಸ್‌ವಿಚ್‌ನಲ್ಲಿದ್ದಾನೆ. ಹಿತ್ತಲಲ್ಲಿ ತಗಡಿನ ಶೆಡ್ಡು ಖಾಲಿ ಬಿದ್ದಿತ್ತು. "ಬೆಂಕಿ ನಿನ್ನದು, ಚಹಾ ನನ್ನದು" ಅಂದ. ವ್ಯಾಲಿ ಸ್ಟೇಷನ್ನಿನಲ್ಲಿ ಕೂತರೆ ಅದೇ ಟ್ರೇನು ನೇರ ಇಪ್ಸ್‌ವಿಚ್‌ಗೆ. ಕ್ವೀನ್ಸ್‌ಲ್ಯಾಂಡಿನ ಮೊದಲ ರೈಲು ಓಡಿದ್ದೇ ಆ ಊರಿಂದ, 1865ರಲ್ಲಿ. ದೊಡ್ಡ ರೈಲ್ವೆ ವರ್ಕ್‌ಶಾಪ್ ಇತ್ತು, ಅಜ್ಜನ ಅಪ್ಪ ಅಲ್ಲೇ ದುಡಿದವನು. ಹಾಗಾಗಿ ನನ್ನ ಮೊದಲ ಅಡಿಗಲ್ಲು ಪುಕ್ಕಟೆ ಸಿಕ್ಕಿತು: ಎರಡು ಅಡಿ ಉದ್ದದ ರೈಲು ಹಳಿಯ ತುಂಡು. ಕಲಿಯುವವರಿಗೆ ಅದು ಸಾಕು. ಆದರೆ ಮಲಗಿಸಿ ಬಡಿದರೆ ಪುಟಿಯುತ್ತದೆ, ಅರ್ಧ ಏಟು ಸದ್ದಿನಲ್ಲೇ ಹೋಗುತ್ತದೆ. ಲಂಬವಾಗಿ ಮರದ ದಿಮ್ಮಿಯಲ್ಲಿ ಹುಗಿದು ನಿಲ್ಲಿಸಿದರೆ ಮೇಲಿನ ಜಾಗ ಸಣ್ಣದು, ಏಟು ಮಾತ್ರ ಪೂರ್ತಿ ಕಬ್ಬಿಣಕ್ಕೆ ಇಳಿಯುತ್ತದೆ. ಇದನ್ನು ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಆಮೇಲೆ ಆಸೆ ಹೆಚ್ಚಿತು. ಒಂದು ಹಳೇ ಇಂಗ್ಲಿಷ್ ಅಡಿಗಲ್ಲು ಮಾರಾಟಕ್ಕಿತ್ತು, ಮೂಗಿರುವಂಥದ್ದು. ಪಕ್ಕದಲ್ಲಿ 1, 1, 14 ಅಂತ ಕೆತ್ತಿತ್ತು. ಮಾರುವವನಿಗೇ ಅದೇನಂತ ಗೊತ್ತಿರಲಿಲ್ಲ. ಅದು ತೂಕದ ಲೆಕ್ಕ. ಮೊದಲ ಅಂಕಿ ಹಂಡ್ರೆಡ್‌ವೇಟ್, ಅಂದರೆ 112 ಪೌಂಡು. ಎರಡನೆಯದು ಅದರ ಕಾಲುಭಾಗ, 28 ಪೌಂಡು. ಮೂರನೆಯದು ಬರೀ ಪೌಂಡು. ಕೂಡಿಸಿದರೆ 154 ಪೌಂಡು, ಸುಮಾರು 70 ಕೆ.ಜಿ. ಕೊಳ್ಳುವ ಮುಂಚೆ ಒಂದು ಉಕ್ಕಿನ ಗುಂಡನ್ನು ಅದರ ಮೇಲೆ ಬೀಳಿಸಿ ನೋಡಬೇಕು. ಚೆನ್ನಾಗಿ ಪುಟಿದು ಮೇಲೆ ಬಂದರೆ ಮುಖ ಗಟ್ಟಿ ಇದೆ. ಅಲ್ಲೇ ಉಳಿದರೆ ಯಾವಾಗಲೋ ಬೆಂಕಿಯಲ್ಲಿ ಬಿದ್ದು ಹದ ಕಳೆದುಕೊಂಡಿದೆ. ಗುಂಡು ಪುಟಿಯಿತು. ಬೆಲೆ ಹೇಳುವುದಿಲ್ಲ, ತಮ್ಮ ಓದುತ್ತಾನೆ.

ಇದ್ದಿಲು ಬೇಡ ಅಂತ ಗ್ಯಾಸಿನ ಒಲೆ ಮಾಡಿಕೊಂಡೆ. ಹೊಗೆ ಎದ್ದರೆ ಪಕ್ಕದ ಮನೆಯವರು ದೂರು ಕೊಡುತ್ತಾರೆ. ಹಳೇ ಸಿಲಿಂಡರಿನಂಥ ಡಬ್ಬಿಯೊಳಗೆ ಬೆಂಕಿ ತಾಳುವ ಉಣ್ಣೆಯಂಥ ಹಾಸು, ಕೆಳಗೆ ಬೆಂಕಿ ಇಟ್ಟಿಗೆ, ಪಕ್ಕದಿಂದ ಬರ್ನರ್. ಇಲ್ಲಿ ನನ್ನೊಳಗಿನ ನರ್ಸ್ ಎಚ್ಚರಾದಳು. ಆ ಉಣ್ಣೆಯ ಎಳೆಗಳು ಗಾಳಿಯಲ್ಲಿ ಸೇರಿ ಶ್ವಾಸಕೋಶಕ್ಕೆ ಇಳಿಯುತ್ತವೆ, ಅದಕ್ಕೆ ಮೇಲೆ ಗಾರೆ ಮೆತ್ತಲೇಬೇಕು. ಶೆಡ್ಡಿನ ಎರಡೂ ಬಾಗಿಲು ತೆರೆದಿರಬೇಕು, ಇಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡು ವಾಸನೆಯಿಲ್ಲದೆ ಮಲಗಿಸುತ್ತದೆ. ಸುಟ್ಟರೆ ತಕ್ಷಣ 20 ನಿಮಿಷ ಹರಿಯುವ ತಣ್ಣೀರು. ಮಸಿ, ಪೇಸ್ಟು, ತುಪ್ಪ ಏನೂ ಬೇಡ. ಇನ್ನೊಂದು: ಜಿಂಕ್ ಲೇಪ ಇರುವ ಪೈಪು, ತಗಡು ಯಾವತ್ತೂ ಬೆಂಕಿಗಿಡಬಾರದು. ಆ ಹೊಗೆ ಕುಡಿದರೆ ಕೆಲವು ತಾಸು ಬಿಟ್ಟು ಚಳಿಜ್ವರ ಬರುತ್ತದೆ, ಮರುದಿನದ ಹೊತ್ತಿಗೆ ಇಳಿದಿರುತ್ತದೆ. ಇದನ್ನು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ಅಪ್ಪ ಹಳೇ ನಳದ ಪೈಪು ಕಾಯಿಸಿದ ಸಂಜೆಗಳಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ. ನಾವು ಮಲೇರಿಯಾ ಅಂತ ಗುಳಿಗೆ ನುಂಗಿಸುತ್ತಿದ್ದೆವು. ಇದೇ ಇದ್ದಿರಬೇಕು.

ಇಕ್ಕಳ ಮಾತ್ರ ಕೊಳ್ಳಲಿಲ್ಲ. ಸಂಕ್ರಾಂತಿಗೆ ಬಂದಾಗ ಅಪ್ಪನ ಎರಡು ಇಕ್ಕಳ ತಂದೆ. ಈ ದೇಶಕ್ಕೆ ಮಣ್ಣು ಮೆತ್ತಿದ ಏನನ್ನೂ ಬಿಡುವುದಿಲ್ಲ, ಅದಕ್ಕೆ ಅವ್ವ ಹುಣಸೆಹಣ್ಣು ಹಚ್ಚಿ ದೇವರ ಸಾಮಾನಿನಂತೆ ತಿಕ್ಕಿ ಕೊಟ್ಟಿದ್ದಳು. ವಿಮಾನ ನಿಲ್ದಾಣದಲ್ಲಿ ನಾನೇ ತೆರೆದು ತೋರಿಸಿದೆ. ಅಧಿಕಾರಿ ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಆಪರೇಷನ್ನಿಗೆ?" ಅಂದ. ನರ್ಸ್ ಅಂತ ಫಾರ್ಮಿನಲ್ಲಿ ಬರೆದಿದ್ದೆನಲ್ಲ!

ಚಾಕು, ಕುಡುಗೋಲು ಇನ್ನೂ ಮನೆಗೆ ತಂದಿಲ್ಲ. ವ್ಯಾಲಿಯ ರಾತ್ರಿ ಬೀದಿಗಳಲ್ಲಿ ಪೊಲೀಸರು ಚಾಕು ಹುಡುಕುವ ಸ್ಕ್ಯಾನರ್ ಹಿಡಿದು ನಿಲ್ಲುತ್ತಾರೆ. ಬ್ಯಾಗಿನಿಂದ ಕುಡುಗೋಲು ತೆಗೆದು "ಇದು ಜೋಳ ಕೊಯ್ಯಲಿಕ್ಕೆ" ಅಂದರೆ ಯಾರು ನಂಬುತ್ತಾರೆ?

ಒಂದು ಭಾನುವಾರ ಚಾಕು ಮಾಡುವ ಹವ್ಯಾಸದ ಇಬ್ಬರು ಶೆಡ್ಡಿಗೆ ಬಂದಿದ್ದರು. ಮಾತೆಲ್ಲ "ವೂಟ್ಜ್" ಬಗ್ಗೆ. ವೂಟ್ಜ್ ಹಾಗೆ, ವೂಟ್ಜ್ ಹೀಗೆ, ಜಗತ್ತಿನ ಶ್ರೇಷ್ಠ ಉಕ್ಕು. ಅದು ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ನಮ್ಮ ಕಡೆಯ ಉಕ್ಕು, ಆ ಹೆಸರು ನಮ್ಮ "ಉಕ್ಕು" ಶಬ್ದವೇ ಕೆಟ್ಟು ಆದದ್ದು ಅಂತ ವಿದ್ವಾಂಸರು ಹೇಳುತ್ತಾರೆ. ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ 1794ರಲ್ಲಿ ಅದರ ಮಾದರಿಯನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆಯೂ ಅದರ ಮೇಲೆ ಪ್ರಯೋಗ ಮಾಡಿದ. ಟಿಪ್ಪು ಬಿದ್ದ ಮೇಲೆ 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ನಮ್ಮವರು ಕಬ್ಬಿಣ, ಉಕ್ಕು ಮಾಡುವುದನ್ನು ಕೂತು ನೋಡಿ ಬರೆದುಕೊಂಡ. ಆ ಬ್ಯಾಂಕ್ಸ್ ಅಂದರೆ 1770ರಲ್ಲಿ ಕುಕ್‌ನ ಹಡಗಿನಲ್ಲಿ ಇದೇ ಕರಾವಳಿಗುಂಟ ಹಾದುಹೋದವನೇ. ಇಲ್ಲಿ ಕಡಲ ದಂಡೆಯಲ್ಲಿ ಬೆಳೆಯುವ ಬ್ಯಾಂಕ್ಸಿಯಾ ಗಿಡಕ್ಕೆ ಅವನ ಹೆಸರು. ನಾನು ಆ ಇಬ್ಬರಿಗೆ "ಉಕ್ಕು" ಅನ್ನಲು ಕಲಿಸಿದೆ. ರಾತ್ರಿ ಹೆಮ್ಮೆಯಿಂದ ಅವ್ವನಿಗೆ ಇದೆಲ್ಲ ಹೇಳಿದರೆ ಅವಳು, "ಛಲೋ ಆತು. ತಿದಿ ಯಾರು ಒತ್ತತಿದ್ರಂತ ಬರದಾರೇನು?" ಅಂದಳು.

ಆಗ ಆ ಮಾತಿಗೆ ನಕ್ಕುಬಿಟ್ಟೆ. ಅರ್ಥವಾದದ್ದು ಆಮೇಲೆ.

ಶೆಡ್ಡಿನಲ್ಲಿ ಎಲ್ಲ ಸಾಮಾನು ಕೂಡಿದವು. ಆದರೂ ಲಾರಿಯ ಸ್ಪ್ರಿಂಗ್ ಪಟ್ಟಿಯಂಥ ದಪ್ಪ ಉಕ್ಕು ನನ್ನ ಒಂದು ಕೈ ಸುತ್ತಿಗೆಗೆ ಬಗ್ಗುತ್ತಿರಲಿಲ್ಲ. ಮೂರು ಏಟು ಹಾಕುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಅಜ್ಜ ಹೇಳಿದ, "ನಿನ್ನ ಹತ್ತಿರ ಒಂದೇ ಸಾಮಾನು ಇಲ್ಲ, ಇನ್ನೊಬ್ಬ ಮನುಷ್ಯ." ಅವನೇ ಇಕ್ಕಳ ಹಿಡಿದ, ನನ್ನ ಕೈಗೆ ಎಂಟು ಪೌಂಡಿನ ಸಮ್ಮಟಿಗೆ ಕೊಟ್ಟ. ಸಣ್ಣ ಸುತ್ತಿಗೆಯಿಂದ ಅವನು ಎಲ್ಲಿ ತಟ್ಟುತ್ತಾನೋ ಅಲ್ಲೇ ನಾನು ಹೊಡೆಯಬೇಕು. ಅವನು ಅಡಿಗಲ್ಲಿಗೆ ತಟ್ಟಿದರೆ ನಿಲ್ಲಿಸಬೇಕು. ಹೇಳುವ ಮೊದಲೇ ನನಗೆ ಇದು ಗೊತ್ತಿತ್ತು. ಟಿಣ್ ಢಣ್, ಟಿಣ್ ಢಣ್. ಕಾಲು ಎಷ್ಟು ಅಗಲಿಸಬೇಕು, ಉಸಿರು ಯಾವಾಗ ಬಿಡಬೇಕು, ಎಲ್ಲ ಗೊತ್ತಿತ್ತು. "ಎಲ್ಲಿ ಕಲಿತೆ?" ಅಂದ ಅಜ್ಜ.

ಕಲಿತಿರಲಿಲ್ಲ, ನೋಡಿದ್ದೆ. ಹತ್ತು ಹದಿನೈದು ವರ್ಷ ದಿನವೂ ನೋಡಿದ್ದೆ. ಅಪ್ಪನ ಎದುರು ನಿಂತು ಸಮ್ಮಟಿಗೆ ಎತ್ತುತ್ತಿದ್ದವಳು ಅವ್ವ. ತಿದಿ ಒತ್ತುವುದು ಅವಳೇ, ಕಬ್ಬಿಣ ಕಾದ ಕೂಡಲೆ ಸೆರಗು ಬಿಗಿದು ಎದ್ದು ಹೊಡೆಯುವುದೂ ಅವಳೇ. ಮುಂಗಾರಿಗೆ ಮುಂಚೆ ಊರ ಮಂದಿಯೆಲ್ಲ ಕುಂಟಿಯ ಕುಡ ಹಣಿಸಲು ಸಾಲುಗಟ್ಟಿದಾಗ ಬೆಳಗಿನ ನಾಲ್ಕಕ್ಕೆ ಶುರುವಾದರೆ ದೀಪ ಹಚ್ಚುವವರೆಗೆ. ನಡುವೆ ರೊಟ್ಟಿಯನ್ನೂ ಅವಳೇ ಬಡಿಯಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ಅಳೆಸಿಕೊಂಡು ಬರುವವನು ಮಾತ್ರ ಅಪ್ಪ. ಕಮ್ಮಾರ ಅಂತ ಕರೆದದ್ದೂ ಅವನನ್ನೇ. ಅವ್ವ "ಕಮ್ಮಾರನ ಹೆಂಡತಿ." ಟೂವೂಂಬಾದಲ್ಲಿ ನನ್ನ ಪರಿಚಯ ಮಾಡಿಕೊಳ್ಳುವಾಗ ನಾನೂ "ನಮ್ಮಪ್ಪ ಕಮ್ಮಾರ" ಅಂತಲೇ ಹೇಳಿದ್ದು.

ಮರುದಿನ ಡ್ಯೂಟಿಯಲ್ಲಿ ಸಲೈನ್ ಚೀಲ ನೇತುಹಾಕಲು ಕೈ ಎತ್ತಿದೆ. ಎತ್ತಲಾಗಲಿಲ್ಲ. ಹೆಗಲಿನಿಂದ ಮೊಣಕೈವರೆಗೆ ಚುಳುಕು ಹೊಡೆಯಿತು. ಎಡಗೈಯಿಂದ ಬಲಗೈಯನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸಿದೆ. ಅವ್ವ ಜಡೆ ಹಾಕಿಕೊಳ್ಳುವುದು ಹೀಗೆಯೇ, ಎಡಗೈಯಿಂದ ಬಲಗೈಯನ್ನು ಎತ್ತಿ ತಲೆಯ ಹಿಂದೆ ಇಟ್ಟುಕೊಂಡು. ಎಂಟು ವರ್ಷದಿಂದ ನೋಡುತ್ತಿದ್ದೇನೆ. ಹೆಗಲು ನೋವು ಅಂದಾಗಲೆಲ್ಲ ಈ ದೊಡ್ಡ ನರ್ಸ್, ಆರ್ಥೋ ವಾರ್ಡಿನಲ್ಲಿ ಮೂರು ವರ್ಷ ಕೆಲಸ ಮಾಡಿದವಳು, ಫೋನಿನಲ್ಲಿ "ವಯಸ್ಸಾತು ಅವ್ವಾ, ಕೈ ಆಡಸ್ಕೋಂತ ಇರು" ಅಂತ ಹೇಳಿ ಇಟ್ಟಿದ್ದೇನೆ. ಇಲ್ಲಿ ಬರುವ ಪ್ರತಿ ರೋಗಿಗೆ ಕೇಳುತ್ತೇನೆ: ಏನು ಕೆಲಸ ಮಾಡುತ್ತಿದ್ದಿರಿ, ಎಷ್ಟು ವರ್ಷ? ಅವ್ವನಿಗೆ ಒಮ್ಮೆಯೂ ಕೇಳಲಿಲ್ಲ. ಹೆಗಲಿನ ಸ್ನಾಯುರಜ್ಜು ಸವೆದು ಹರಿದಿರಬಹುದು. ಸ್ಕ್ಯಾನ್ ಮಾಡಿಸದೆ ಹೇಳಲಾಗದು, ಮಾಡಿಸಲೇಬೇಕು.

ಅವತ್ತೇ ಫೋನ್ ಮಾಡಿದೆ. "ಎಷ್ಟು ವರ್ಷ ಹೊಡದಿ ಅವ್ವಾ?" ಅಂದೆ. "ಲಗ್ನ ಆದ ವರ್ಷದಿಂದ ಹಿಡಿದು ನಿನ್ನಪ್ಪ ಹಾಸಿಗಿ ಹಿಡಿಯೋತನಕ. ನೀ ಹೊಟ್ಯಾಗಿದ್ದಾಗ ಎರಡು ತಿಂಗಳು ಬಿಟ್ಟಿದ್ದೆ ನೋಡು" ಅಂದಳು. ಮೂವತ್ತೊಂದು ವರ್ಷ.

ಈಗ ಅಡಿಗಲ್ಲಿನ ವಿಷಯ. ಅಪ್ಪ ಹೋಗಿ ಆರು ವರ್ಷ, ಕುಲುಮೆಯ ಜಾಗದಲ್ಲಿ ತಮ್ಮನಿಗೆ ಎಮ್ಮೆಗಳ ಕೊಟ್ಟಿಗೆ ಕಟ್ಟಬೇಕಿದೆ. ನಮ್ಮ ಚೌಕ ಅಡಿಗಲ್ಲು ಬೇವಿನ ಗಿಡದ ಕೆಳಗೆ ಮಳೆಯಲ್ಲಿ ಬಿದ್ದಿದೆ, ಗುಜರಿಯವನು ಎರಡು ಸಲ ಬಂದು ತೂಕ ಕೇಳಿ ಹೋಗಿದ್ದಾನೆ. ನಿಜ ಹೇಳಬೇಕೆಂದರೆ ಈ ಪೋಸ್ಟನ್ನು ನಾನು ಬರೆಯಲು ಕೂತದ್ದೇ "ಅಪ್ಪನ ನೆನಪು, ಮಾರಬೇಡಿ" ಅಂತ ನಿಮ್ಮೆಲ್ಲರ ಎದುರು ತಮ್ಮನಿಗೆ ಹೇಳಲು. ಅವ್ವನನ್ನೂ ನನ್ನ ಕಡೆ ಸೇರಿಸಿಕೊಳ್ಳೋಣ ಅಂತ ಕೇಳಿದೆ.

"ಮಾರ್ರಿ" ಅಂದಳು. "ಅದನ್ನ ನೋಡಿದ್ರ ನನ್ನ ಹೆಗಲ ಸಿಡೀತೈತಿ."

ನಾನು ಏನೂ ಹೇಳಲಾಗಲಿಲ್ಲ. ಅವಳಿಗೆ ಅದು ನೆನಪಲ್ಲ. ಅದನ್ನು ನೆನಪು ಮಾಡಿಕೊಳ್ಳುವಷ್ಟು ದೂರ ಬಂದವಳು ನಾನು, ಅದಕ್ಕೇ ನನಗೆ ಅದು ಚಂದ ಕಾಣುತ್ತದೆ, ಅದಕ್ಕೇ ನಾನು ರಜೆಯ ದಿನ ದುಡ್ಡು ಕೊಟ್ಟು ಬೆವರುತ್ತೇನೆ. ನನಗೆ ಬೇಸರ ಬಂದರೆ ಗ್ಯಾಸ್ ಬಂದ್ ಮಾಡಿ ಟ್ರೇನು ಹತ್ತಬಹುದು.

ಆದ್ದರಿಂದ ತಮ್ಮಾ, ಮಾರು. ಗುಜರಿಗೆ ಮಾತ್ರ ಬೇಡ, ಇಷ್ಟು ನಡೆಸಿಕೊಡು. ಊರಿನ ಗೆಳೆಯರಲ್ಲಿ ನನ್ನ ಕೇಳಿಕೆಯೂ ಇದೇ: ರೋಣ, ನರೇಗಲ್ಲ, ಗಜೇಂದ್ರಗಡದ ಕಡೆ ಇನ್ನೂ ಕುಲುಮೆ ಹಚ್ಚುವವರು ಯಾರಾದರೂ ಇದ್ದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಹೊತ್ತುಕೊಂಡು ಹೋದರೆ ಸಾಕು, ಗುಜರಿಯವನ ರೇಟು ನಾನು ತಮ್ಮನಿಗೆ ಕೊಡುತ್ತೇನೆ. ಇನ್ನೊಂದು, ಅವ್ವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಹೆಗಲಿನ ಸ್ಕ್ಯಾನ್ ಮಾಡಿಸಲು ಈ ತಿಂಗಳು ಯಾರಿಗೆ ಬಿಡುವಿದೆ? ಚಿಕ್ಕವ್ವಾ, ನೀನೇ ಮೊದಲು ಕೇಳಿದವಳು, ನೀನೇ ಹೋಗು.

ಹೋದ ಭಾನುವಾರ ಶೆಡ್ಡಿನಿಂದ ವಿಡಿಯೋ ಕಾಲ್ ಮಾಡಿದೆ. ಸ್ಪ್ರಿಂಗ್ ಪಟ್ಟಿಯಿಂದ ಒಂದು ಕುರ್ಚಿಗಿ ಮಾಡುತ್ತಿದ್ದೆ, ಕಳೆ ತೆಗೆಯಲು ಅಜ್ಜನಿಗೆ. ಅವ್ವ ಗ್ಯಾಸಿನ ಒಲೆ ನೋಡಿ ಮೂಗು ಮುರಿದಳು. ಇಂಗ್ಲಿಷ್ ಅಡಿಗಲ್ಲಿನ ಮೂಗು ನೋಡಿ ನಕ್ಕಳು. ಆಮೇಲೆ ನೆಟ್‌ವರ್ಕ್ ಸಿಗದೆ ಚಿತ್ರ ನಿಂತುಹೋಯಿತು, ದನಿ ಮಾತ್ರ ಉಳಿಯಿತು. "ಇರಲಿ, ಫೋನು ಅಲ್ಲೇ ಇಟ್ಟು ಬಡಿ, ಕೇಳತೀನಿ" ಅಂದಳು. ಬಡಿದೆ. ಆರೋ ಏಳೋ ಏಟು ಬಿದ್ದಿರಬೇಕು.

"ನಿಲ್ಲಸು. ಕಬ್ಬಣ ತಣ್ಣಗಾತು. ಸಪ್ಪಳ ಬ್ಯಾರೆ ಆತಲ್ಲ, ಕೇಳಲಿಲ್ಲೇನು? ಮತ್ತ ಬೆಂಕ್ಯಾಗ ಇಡು."

ಇಟ್ಟೆ.